ಶೋಹೌಸ್ ನೋಡಿ ಬಂದವರು ಮಲೆನಾಡಿನ ಮನೆಗೆ ತರಬಹುದಾದದ್ದು

ಹೊಸ ಮನೆ ಕಟ್ಟಿಸುವವರೂ ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರೂ ಕೆಲಸಕ್ಕೆ ಕೈ ಹಚ್ಚುವ ಮುನ್ನ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ನಾಲ್ಕಾರು ಮಾದರಿ ಮನೆಗಳನ್ನು ನೋಡಿ ಬರುವುದು ಈಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆಯೂ ರೂಢಿಯಾಗಿದೆ. ವಿನ್ಯಾಸಕರು ಸಜ್ಜುಗೊಳಿಸಿದ ಕೋಣೆಗಳ ಫೋಟೋಗಳು ಮೊಬೈಲಿನಲ್ಲಿ ತುಂಬಿರುತ್ತವೆ. ಊರಿಗೆ ಬಂದ ಮೇಲೆ ಬಡಗಿಗೂ ಬಣ್ಣದವರಿಗೂ ಅವನ್ನೇ ತೋರಿಸಿ ‘ಹೀಗೇ ಆಗಬೇಕು’ ಎನ್ನುತ್ತೇವೆ. ಬೇಸಿಗೆಯಲ್ಲಿ ಕೆಲಸ ಮುಗಿದಾಗ ಕೋಣೆ ಫೋಟೋದಲ್ಲಿದ್ದಂತೆಯೇ ಕಾಣುತ್ತದೆ. ಆಗಸ್ಟ್ ಹೊತ್ತಿಗೆ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆಯೇಳುತ್ತದೆ, ಅಲಂಕಾರದ ಹಲಗೆಯ ಅಂಚು ಉಬ್ಬುತ್ತದೆ, ಸೋಫಾದ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ. ಆ ಕೋಣೆ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತ್ತು ಎಂದು ವಿಚಾರಿಸದೆ ಉತ್ತರವನ್ನಷ್ಟೇ ಹೊತ್ತು ತಂದಾಗ ಹೀಗಾಗುತ್ತದೆ. ಶೋಹೌಸಿನ, ಅಂದರೆ ವಿನ್ಯಾಸಕರು ಜನರಿಗೆ ತೋರಿಸಲೆಂದೇ ಸಜ್ಜುಗೊಳಿಸಿದ ಮನೆಯ, ಕೋಣೆಯನ್ನು ಓದುವುದು ಹೇಗೆ, ಅಲ್ಲಿ ಕಾಣುವ ಈಚಿನ ಒಲವುಗಳ ಹಿಂದಿರುವ ಕಾರಣಗಳೇನು, ಅವುಗಳಲ್ಲಿ ಯಾವುವು ನಮ್ಮ ಮಳೆಯನ್ನು ತಾಳುತ್ತವೆ ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಶೋಹೌಸ್ ಎಂಬ ಕ್ರಮ ಗಟ್ಟಿಯಾಗಿ ಬೆಳೆದದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ 1965ರಲ್ಲಿ ಇಂಥ ಪ್ರದರ್ಶನ ಆರಂಭವಾಯಿತು. ನ್ಯೂಯಾರ್ಕಿನ ಕಿಪ್ಸ್ ಬೇ ಪ್ರದರ್ಶನ 1973ರಲ್ಲಿ, ಮಕ್ಕಳ ಸಂಸ್ಥೆಯೊಂದಕ್ಕೆ ಹಣ ಕೂಡಿಸುವ ಸಲುವಾಗಿ ಶುರುವಾಗಿ ಇಂದು ಆ ಕ್ಷೇತ್ರದ ಬಹು ಹೆಸರಾದ ಪ್ರದರ್ಶನಗಳಲ್ಲಿ ಒಂದಾಗಿದೆ. ದೊಡ್ಡದೊಂದು ಮನೆಯನ್ನು ತೆರವು ಮಾಡಿಸಿ, ಒಂದೊಂದು ಕೋಣೆಯನ್ನು ಒಬ್ಬೊಬ್ಬ ವಿನ್ಯಾಸಕರಿಗೆ ವಹಿಸಿ, ಕೆಲವು ವಾರ ಟಿಕೆಟ್ ಇಟ್ಟು ಜನರಿಗೆ ತೋರಿಸಿ, ಬಂದ ಹಣವನ್ನು ಸತ್ಕಾರ್ಯಕ್ಕೆ ಕೊಡುವುದು ಅದರ ಪದ್ಧತಿ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಬಡಾವಣೆಯವರು ಮತ್ತು ಬಿಲ್ಡರುಗಳು ಮಾರಾಟಕ್ಕೆಂದು ಸಿಂಗರಿಸಿಟ್ಟ ಮಾದರಿ ಮನೆ, ಇಲ್ಲವೇ ಪೀಠೋಪಕರಣದ ಮಳಿಗೆಯೊಳಗೆ ಕಟ್ಟಿಟ್ಟ ಕೋಣೆ. ನೋಡಲು ಎರಡೂ ಒಂದೇ ಬಗೆಯವು, ಆದರೆ ಅವುಗಳ ಗುರಿ ಬೇರೆ. ಶೋಹೌಸಿನ ವಿನ್ಯಾಸಕರು ತಮ್ಮ ಕಲ್ಪನೆಯ ಮೇರೆಯನ್ನು ತೋರಿಸುತ್ತಾರೆ, ಮಾದರಿ ಮನೆಯವರು ಜಾಗವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತಾರೆ.

ಶೋಹೌಸಿನ ಕೋಣೆಗೆ ಯಜಮಾನನಿಲ್ಲ ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ಅಲ್ಲಿ ಯಾರೂ ಮಲಗಿ ಏಳುವುದಿಲ್ಲ, ಒದ್ದೆ ಕೊಡೆ ತಂದು ಒರಗಿಸುವುದಿಲ್ಲ, ಮಗುವಿನ ಚಡ್ಡಿ ಒಣಹಾಕುವುದಿಲ್ಲ. ನೋಡುಗರು ಬಾಗಿಲಲ್ಲಿ ನಿಂತು ಒಂದೆರಡು ನಿಮಿಷ ನೋಡಿ ಮುಂದಿನ ಕೋಣೆಗೆ ಹೋಗುತ್ತಾರೆ. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ನಿಲ್ಲಬೇಕಾದರೆ ಕೋಣೆ ತನ್ನ ಮಾತನ್ನು ಎತ್ತರದ ದನಿಯಲ್ಲೇ ಹೇಳಬೇಕಾಗುತ್ತದೆ. ಗೋಡೆ, ಬಾಗಿಲು, ಚೌಕಟ್ಟು, ತಾರಸಿಯ ತಳ ಎಲ್ಲಕ್ಕೂ ಒಂದೇ ಕಡುಹಸಿರು ಬಳಿಯುವುದು, ಸೂರಿಗೂ ಚಿತ್ರದ ಕಾಗದ ಹಚ್ಚುವುದು, ಸಣ್ಣ ಕೈತೊಳೆಯುವ ಕೋಣೆಯನ್ನೇ ಮನೆಯ ಅತ್ಯಂತ ಗಾಢವಾದ ಕೋಣೆಯನ್ನಾಗಿ ಮಾಡುವುದು, ಇವೆಲ್ಲ ಆ ಎತ್ತರದ ದನಿಯ ಬಗೆಗಳು. ಒಂದು ಸಂಜೆಗೆ ಅದು ಚೆನ್ನ. ಇಪ್ಪತ್ತು ವರ್ಷ ಬಾಳುವ ಮನೆಗೆ ಆ ದನಿಯನ್ನು ಎಷ್ಟು ತಗ್ಗಿಸಬೇಕೆಂಬುದನ್ನು ನೋಡುವವರೇ ನಿರ್ಧರಿಸಬೇಕು.

ಮಾದರಿ ಮನೆಗೆ ಹೋಗುವಾಗ ಕ್ಯಾಮೆರಾಗಿಂತ ಅಳತೆಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮಂಚ ನಮ್ಮ ಮನೆಯ ಮಂಚಕ್ಕಿಂತ ಗಿಡ್ಡವಾಗಿರಬಹುದು, ಬೀರುವಿನ ಆಳ ಬಟ್ಟೆ ತೂಗುಹಾಕಲು ಬೇಕಾದ ಎರಡು ಅಡಿಗಿಂತ ಕಡಿಮೆಯಿರಬಹುದು, ಒಳಬಾಗಿಲುಗಳನ್ನು ಕಳಚಿಟ್ಟಿರಬಹುದು, ಎದುರು ಗೋಡೆಗೆ ಪೂರ್ತಿ ಕನ್ನಡಿ ಇಟ್ಟಿರಬಹುದು. ಓಡಾಡುವ ದಾರಿಗೆ ಮೂರು ಅಡಿ, ಸೋಫಾಕ್ಕೂ ಟೀಪಾಯಿಗೂ ನಡುವೆ ಒಂದೂವರೆ ಅಡಿ ಇದೆಯೇ ಎಂದು ಅಳೆದರೆ ಆ ಕೋಣೆಯ ನಿಜವಾದ ವಿಸ್ತಾರ ಗೊತ್ತಾಗುತ್ತದೆ. ಎಲ್ಲ ದೀಪಗಳನ್ನೂ ಒಮ್ಮೆ ಆರಿಸಿ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಬೆಳಕಿನ ಲೆಕ್ಕ

ದೀಪ ಆರಿಸಿ ನೋಡಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ. ಒಳ್ಳೆಯ ವಿನ್ಯಾಸಕರು ಮಾಡಿದ ಕೋಣೆಯಿಂದ ನಾವು ತರಬಹುದಾದ ಮೊದಲ ಪಾಠ ಬೆಳಕಿನದು, ಮತ್ತು ಅತಿ ಕಡಿಮೆ ಖರ್ಚಿನಲ್ಲಿ ಆಗುವ ಬದಲಾವಣೆಯೂ ಅದೇ. ನಮ್ಮ ಬಹುತೇಕ ಮನೆಗಳಲ್ಲಿ ಕೋಣೆಗೊಂದು ಟ್ಯೂಬ್‌ಲೈಟ್, ಅದೂ ಗೋಡೆಯ ಮೇಲ್ಭಾಗದಲ್ಲಿ, ಬಿಳಿನೀಲಿ ಬೆಳಕಿನದು. ವಿನ್ಯಾಸಕರು ಬೆಳಕನ್ನು ಮೂರು ಪದರಗಳಾಗಿ ಕಾಣುತ್ತಾರೆ: ಇಡೀ ಕೋಣೆಗೆ ಹರಡುವ ಬೆಳಕು ಒಂದು, ಓದುವ, ಹೆಚ್ಚುವ, ಹೊಲಿಯುವ ಜಾಗಕ್ಕೆ ನೇರವಾಗಿ ಬೀಳುವ ಬೆಳಕು ಇನ್ನೊಂದು, ಒಂದು ಗೋಡೆಯನ್ನೋ ಚಿತ್ರವನ್ನೋ ಕಂಬವನ್ನೋ ಎತ್ತಿ ತೋರಿಸುವ ಬೆಳಕು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ. ಕೋಣೆಯನ್ನು ಬೆಚ್ಚಗೆ ತೋರಿಸಬೇಕಾದಲ್ಲಿ 2,700ರಿಂದ 3,000 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ) ಹಳದಿ ಛಾಯೆಯ ಎಲ್‌ಇಡಿ ಬಲ್ಬು, ಅಡುಗೆಯ ಕಟ್ಟೆಯಂಥ ಕಡೆ 4,000 ಕೆಲ್ವಿನ್‌ನದು ಹೊಂದುತ್ತದೆ. ಮಳಿಗೆಗಳಲ್ಲಿ ಸುಲಭವಾಗಿ ಸಿಗುವ 6,500 ಕೆಲ್ವಿನ್‌ನ ಬಲ್ಬು ಮನೆಯನ್ನು ಅಂಗಡಿಯಂತೆ ಕಾಣಿಸುತ್ತದೆ. ಬಲ್ಬಿನ ಪೊಟ್ಟಣದ ಮೇಲೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಂಕವನ್ನು, ಅಂದರೆ ಸಿಆರ್‌ಐಯನ್ನು, ಮುದ್ರಿಸಿರುತ್ತಾರೆ. ಅದು 90ಕ್ಕೆ ಹತ್ತಿರವಿದ್ದರೆ ಮರದ ಕೆಂಪೂ ಸೀರೆಯ ಬಣ್ಣವೂ ಸಪ್ಪೆಯಾಗುವುದಿಲ್ಲ.

ಮಲೆನಾಡಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಇಲ್ಲಿನ ಮಾಡು ಕಡಿದಾದದ್ದು, ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತದೆ, ಕಿಟಕಿಗಳು ತಗ್ಗು. ಇರಚಲು ಒಳಗೆ ಬರದಂತೆ ಮಾಡಿದ ಈ ಏರ್ಪಾಟು ಹಗಲಿನ ಬೆಳಕನ್ನೂ ತಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಆಕಾಶದಿಂದ ಬರುವ ಬೆಳಕು ಮೆದು, ತುಸು ನೀಲಿ ಛಾಯೆಯದು. ಅದರಲ್ಲಿ ಬೂದುಬಣ್ಣದ ಗೋಡೆ ಇನ್ನಷ್ಟು ತಣ್ಣಗೆ, ಮಂಕಾಗಿ ಕಾಣುತ್ತದೆ. ಬಣ್ಣದ ಕಂಪನಿಗಳು ಪ್ರತಿ ಬಣ್ಣವೂ ಎಷ್ಟು ಬೆಳಕನ್ನು ಹಿಂತಿರುಗಿಸುತ್ತದೆಂಬುದನ್ನು 0ಯಿಂದ 100ರವರೆಗಿನ ಅಂಕದಲ್ಲಿ ಸೂಚಿಸುತ್ತವೆ. ಒಳ್ಳೆಯ ಬಿಳಿಯದು 80ರ ಮೇಲಿರುತ್ತದೆ, ಶೋಹೌಸಿನಲ್ಲಿ ಮೆಚ್ಚಿ ಬಂದ ಕಡುಹಸಿರಿನದು 10ಕ್ಕೂ ಕೆಳಗಿರಬಹುದು. ಎತ್ತರದ ಕಿಟಕಿಗಳೂ ಹತ್ತಾರು ದೀಪಗಳೂ ಇರುವ ಕೋಣೆಯಲ್ಲಿ ಆ ಹಸಿರು ಗಂಭೀರವಾಗಿ ಕಂಡರೆ, ಹೊಸನಗರದ ಕಡೆಯ ಮನೆಯ ನಡುಮನೆಯಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕಿಸುತ್ತದೆ, ಮಳೆಗಾಲದಲ್ಲಿ ಕರೆಂಟು ಹೋಗುವ ಸಂಜೆಗಳಲ್ಲಂತೂ ಹೇಳುವುದೇ ಬೇಡ. ಗಾಢ ಬಣ್ಣದ ಮೇಲೆ ಮನಸ್ಸಾಗಿದ್ದರೆ ಅದನ್ನು ರಾತ್ರಿಯಷ್ಟೇ ಬಳಸುವ ಕೋಣೆಗೆ, ಇಲ್ಲವೇ ಕಿಟಕಿಯಿರುವ ಗೋಡೆಗೇ ಇಡಬಹುದು. ಬೆಳಕು ಬಂದು ಬೀಳುವ ಎದುರು ಗೋಡೆ ಮಾತ್ರ ಬಿಳಿಯಾಗಿಯೋ ಹಳದಿ ಬೆರೆತ ಕೆನೆಬಣ್ಣವಾಗಿಯೋ ಉಳಿಯಬೇಕು.

ಹೆಂಚಿನ ಮಾಡಿನ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಕೂರಿಸುವ ನಮ್ಮ ಹಳೆಯ ಪದ್ಧತಿ ಈ ದೃಷ್ಟಿಯಿಂದ ಬಹಳ ಜಾಣತನದ್ದು. ಅಡುಗೆಮನೆಯ ಒಲೆಯ ಮೇಲ್ಗಡೆಯ ಒಂದೇ ಒಂದು ಗಾಜಿನ ಹೆಂಚಿನಿಂದ ಇಳಿಯುವ ಬೆಳಕು ಹೊಗೆಯಲ್ಲಿ ಕೋಲಿನಂತೆ ನಿಂತು, ಹೊತ್ತು ಏರಿದಂತೆ ಗೋಡೆಯಿಂದ ನೆಲಕ್ಕೆ ಸರಿದು, ನೀರಿನ ಹಂಡೆಯ ಕಂಠದ ಮೇಲೆ ಸ್ವಲ್ಪ ಹೊತ್ತು ಇದ್ದು ಹೋಗುವುದನ್ನು ನೋಡಿದವರಿಗೆ, ಒಂದು ವಸ್ತುವನ್ನು ಎತ್ತಿ ತೋರಿಸುವ ಬೆಳಕು ಎಂದರೇನೆಂದು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇಂದು ಶೋಹೌಸುಗಳು ಬಹಳ ಖರ್ಚು ಮಾಡಿ ಸೂರಿನಲ್ಲಿ ಬೆಳಕಿಂಡಿ ತೆಗೆಯುವುದೂ ಇದೇ ಪರಿಣಾಮಕ್ಕಾಗಿ. ತಾರಸಿ ಮನೆಯ ಮೇಲೆ ಶೀಟಿನ ಮಾಡು ಹಾಕಿಸುವವರು ಮೆಟ್ಟಿಲಿನ ಜಾಗದ ಮೇಲಾದರೂ ಒಂದು ಪಾರದರ್ಶಕ ಶೀಟು ಹಾಕಿಸಿ, ಅದರ ಕೆಳಗೆ ತಾರಸಿಯಲ್ಲಿ ಗಾಜು ಮುಚ್ಚಿದ ತೆರವು ಬಿಡಿಸಬಹುದು.

ಸುಣ್ಣ ಮತ್ತೆ ಬಂದದ್ದೇಕೆ

ಕಳೆದ ಕೆಲವು ವರ್ಷಗಳಲ್ಲಿ ವಿನ್ಯಾಸಕರ ಕೋಣೆಗಳಲ್ಲಿ ಹೊಳಪಿನ ಪೇಂಟು ಹಿಂದೆ ಸರಿದು ಸುಣ್ಣದ ಲೇಪ ಮುಂದೆ ಬಂದಿದೆ. ಅಲ್ಲಲ್ಲಿ ತಿಳಿ, ಅಲ್ಲಲ್ಲಿ ಗಾಢ, ಬ್ರಶ್ಶಿನ ಗುರುತು ಉಳಿದ, ಹೊಳೆಯದ ಆ ಗೋಡೆ ಫೋಟೋದಲ್ಲಿ ಮೋಡದ ಹಾಗೆ ಕಾಣುತ್ತದೆ. ಶೋಹೌಸಿನವರು ಅದನ್ನು ಮೆಚ್ಚುವುದು ನೋಟಕ್ಕಾಗಿ. ನಾವು ಮೆಚ್ಚುವುದಕ್ಕೆ ಅದಕ್ಕಿಂತ ಗಟ್ಟಿಯಾದ ಕಾರಣವಿದೆ, ಅದನ್ನು ತುಸು ವಿವರವಾಗಿ ಹೇಳಬೇಕು.

ಮಲೆನಾಡಿನ ಹಳೆಯ ಗೋಡೆಗಳು ಮಣ್ಣಿನವು ಇಲ್ಲವೇ ಜಂಬಿಟ್ಟಿಗೆಯವು. ಎರಡೂ ನೀರು ಹೀರುವಂಥವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆಯಾಗುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಆಗುವುದು ಅದರ ಒಂದು ಸಣ್ಣ ಪಾಲು. ಪಡುವಣಕ್ಕೆ ಹೋದಷ್ಟೂ ನೆಲ ತಿಂಗಳುಗಟ್ಟಲೆ ತೊಯ್ದೇ ಇರುತ್ತದೆ, ಅಡಿಪಾಯದಿಂದ ನೀರು ಗೋಡೆಯ ಸಣ್ಣ ರಂಧ್ರಗಳ ಮೂಲಕ ಮೇಲಕ್ಕೇರುತ್ತದೆ. ಈ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋದರೆ ಯಾವ ತೊಂದರೆಯೂ ಇಲ್ಲ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಶನ್ ಬಳಿದರೆ ಆವಿಗೆ ದಾರಿ ಕಟ್ಟುತ್ತದೆ. ನೀರಿನ ಜೊತೆ ಬಂದ ಲವಣಗಳು ಲೇಪದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತವೆ. ನೆಲದಿಂದ ಎರಡು ಅಡಿಯವರೆಗೆ ಪೇಂಟು ಹಪ್ಪಳದಂತೆ ಎದ್ದು, ಬೆರಳಿನಿಂದ ಒತ್ತಿದರೆ ಪುಡಿ ಉದುರುವ ಗೋಡೆಯನ್ನು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಯಾವ ಊರಿನಲ್ಲೂ ನೋಡಬಹುದು. ಇಂಥ ಗೋಡೆಗೆ ಮತ್ತೊಂದು ದುಬಾರಿ ಪೇಂಟು ಬಳಿಸುವುದು ರೋಗವನ್ನು ಮುಚ್ಚಿಡುವ ಕೆಲಸ.

ಸುಣ್ಣ ಹಾಗಲ್ಲ. ನೀರಿನಲ್ಲಿ ಅರಳಿಸಿದ ಸುಣ್ಣ ಗೋಡೆಯ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಹಾಗಾದ ತೆಳು ಪದರದ ಮೂಲಕ ಆವಿ ಹಾಯಬಲ್ಲುದು. ಹಸಿ ಸುಣ್ಣದ ಕ್ಷಾರಗುಣ ಬಹಳ ಹೆಚ್ಚು, ಪಿಎಚ್ ಸುಮಾರು 12. ಆದ್ದರಿಂದ ಬೂಷ್ಟು ಅದರ ಮೇಲೆ ಸುಲಭವಾಗಿ ಹಿಡಿಯುವುದಿಲ್ಲ. ಕಾಲ ಕಳೆದಂತೆ ಈ ಕ್ಷಾರ ಇಳಿಯುವುದರಿಂದ ವರ್ಷವರ್ಷವೂ ಹೊಸದಾಗಿ ಬಳಿಯಬೇಕಾಗುತ್ತದೆ. ಮಳೆ ನಿಂತು ದೀಪಾವಳಿ ಬರುವ ಹೊತ್ತಿಗೆ ಮನೆಗೆ ಸುಣ್ಣ ಹೊಡೆಯುತ್ತಿದ್ದ ನಮ್ಮ ವಾಡಿಕೆ ಈ ರಸಾಯನಕ್ಕೆ ಸರಿಯಾಗಿಯೇ ಹೊಂದಿಕೊಂಡಿತ್ತು: ಗೋಡೆ ಒಣಗತೊಡಗಿರುತ್ತದೆ, ಆದರೆ ಬೇಸಿಗೆಯ ಬಿಸಿಲಿನಷ್ಟು ಬೇಗ ಸುಣ್ಣ ಒಣಗಿ ಪುಡಿಯಾಗುವುದಿಲ್ಲ. ಮಾಡುವ ಬಗೆ ಇಷ್ಟೇ: ಹಳೆಯ ಪೇಂಟನ್ನು ಪೂರ್ತಿ ಕೆರೆದು, ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ ಸೋಸಿದ ಸುಣ್ಣವನ್ನು ಒಂದು ದಿನ ಬಿಟ್ಟು ಒಂದು ದಿನ ಮೂರು ನಾಲ್ಕು ಬಾರಿ ಬಳಿಯಬೇಕು. ಮಂದವಾಗಿ ಒಂದೇ ಸಲ ಬಳಿದರೆ ಬಿರಿಯುತ್ತದೆ. ಕೆಮ್ಮಣ್ಣನ್ನೋ ಸುಣ್ಣದ ಕ್ಷಾರ ತಾಳುವ ಆಕ್ಸೈಡ್ ಬಣ್ಣವನ್ನೋ ಬೆರೆಸಿದರೆ ಶೋಹೌಸಿನಲ್ಲಿ ಕಂಡ ಮೆದು ಕೆಂಪು, ಗೋಧಿಬಣ್ಣ ಬರುತ್ತದೆ. ಪುಟ್ಟಿ ಹಚ್ಚಿ ಪೇಂಟು ಮಾಡಿದ ಹೊಸ ಮನೆಯ ಗೋಡೆಗೆ ನೇರವಾಗಿ ಸುಣ್ಣ ಹಿಡಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಗೋಡೆ ಕಾಗದದ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾದದ್ದು: ಘಟ್ಟದ ಅಂಚಿನ ಊರುಗಳಲ್ಲಿ ಅದು ಬೇಡ. ಅಂಟಿನ ಹಿಂದೆ ನಿಂತ ತೇವದಲ್ಲಿ ಬೂಷ್ಟು ಬೆಳೆಯುತ್ತದೆ, ಹೊರಗೆ ಕಪ್ಪು ಚುಕ್ಕಿ ಕಾಣುವ ಹೊತ್ತಿಗೆ ಒಳಗೆಲ್ಲ ಹರಡಿರುತ್ತದೆ.

ಮರ, ಹಲಗೆ, ದಬ್ಬೆ

ಟಿವಿಯ ಹಿಂದಿನ ಗೋಡೆಗೆ ಉದ್ದುದ್ದ ಗೀರಿನ ಹಲಗೆ ಹೊದಿಸುವುದು ಈಚೆಗೆ ಎಲ್ಲ ಮಾದರಿ ಮನೆಗಳಲ್ಲೂ ಕಾಣುವ ಒಲವು. ಗೀರುಗಳ ನೆರಳು ಬೆಳಕಿನಿಂದ ಗೋಡೆಗೆ ಆಳ ಬರುತ್ತದೆ, ಎತ್ತರವೂ ಹೆಚ್ಚಿದಂತೆ ಕಾಣುತ್ತದೆ, ಆದ್ದರಿಂದ ಅದು ಒಳ್ಳೆಯ ಯೋಚನೆಯೇ. ತೊಡಕಿರುವುದು ಸಾಮಗ್ರಿಯಲ್ಲಿ. ಈ ಹಲಗೆಗಳಲ್ಲಿ ಬಹಳಷ್ಟು ಎಂಡಿಎಫ್‌ನವು, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದವು. ಅವುಗಳ ಮೇಲ್ಮೈಗೆ ಲೇಪವಿದ್ದರೂ ಕತ್ತರಿಸಿದ ಅಂಚಿನಿಂದ ನೀರು ಏರುತ್ತದೆ, ಒಮ್ಮೆ ಉಬ್ಬಿದ ಅಂಚು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ.

ನಿಜವಾದ ಮರವೂ ತೇವದೊಡನೆ ಹಿಗ್ಗಿ ಕುಗ್ಗುತ್ತದೆ. ಗಾಳಿಯ ತೇವಾಂಶ ಶೇಕಡಾ 50ರಷ್ಟಿದ್ದಾಗ ಮರ ತನ್ನ ಒಣ ತೂಕದ ಸುಮಾರು ಶೇಕಡಾ 9ರಷ್ಟು ನೀರನ್ನು ಒಳಗಿಟ್ಟುಕೊಂಡರೆ, ತೇವಾಂಶ ಶೇಕಡಾ 90ಕ್ಕೇರಿ ಹಲವು ವಾರ ಹಾಗೆಯೇ ನಿಂತಾಗ ಸುಮಾರು ಶೇಕಡಾ 20ರಷ್ಟನ್ನು ಹೀರಿಕೊಳ್ಳುತ್ತದೆ. ಹಿಗ್ಗುವುದು ಅಡ್ಡಕ್ಕೆ; ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಮಾರ್ಚ್‌ನಲ್ಲಿ ಸಲೀಸಾಗಿ ಮುಚ್ಚುವ ಬಾಗಿಲು ಜುಲೈನಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ಇದರಿಂದಲೇ. ಹಳೆಯ ಬಡಗಿಗಳು ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ಸಡಿಲವಾಗಿ ಕೂರಿಸಿ, ಅಂಟು ಹಾಕದೆ ಬಿಡುತ್ತಿದ್ದರು. ಹಲಗೆಗೆ ಹಿಗ್ಗಲು ಜಾಗವಿರುತ್ತಿತ್ತು, ಬಾಗಿಲು ಸೊಟ್ಟಗಾಗುತ್ತಿರಲಿಲ್ಲ. ಪ್ಲೈವುಡ್ ಕೊಳ್ಳುವವರು ಅದರ ಮೇಲಿನ ಗುರುತನ್ನು ಓದಬೇಕು. ಭಾರತೀಯ ಮಾನಕದ ಐಎಸ್ 303 ಎಂದಿರುವ ಎಂಆರ್, ಅಂದರೆ ತುಸು ತೇವ ತಾಳುವ ದರ್ಜೆಯ ಹಲಗೆ ಒಣ ಕೋಣೆಗೆ ಸಾಕು, ಅಡುಗೆಮನೆಗೂ ಹೊರಗೋಡೆಗೆ ತಾಗಿದ ಬೀರುವಿಗೂ ನೀರು ತಾಳುವ ಐಎಸ್ 710 ಗುರುತಿನದೇ ಆಗಬೇಕು. ಯಾವ ಹಲಗೆಯೇ ಆಗಲಿ, ಗೋಡೆಗೆ ಒತ್ತಿ ಹೊಡೆಯದೆ ಮರದ ಪಟ್ಟಿಯ ಮೇಲೆ ಕೂರಿಸಿ ಹಿಂದೆ ಒಂದಿಂಚು ತೆರವಿಟ್ಟು, ಕೆಳಗೂ ಮೇಲೂ ಗಾಳಿ ಹಾಯಲು ಬಿಟ್ಟರೆ ಬೂಷ್ಟೂ ಗೆದ್ದಲೂ ಬಹಳಮಟ್ಟಿಗೆ ದೂರವಿರುತ್ತವೆ. ಗೆದ್ದಲು ಹತ್ತಿದರೂ ಆ ತೆರವಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ.

ಗೀರಿನ ಹಲಗೆಯ ನೋಟವೇ ಬೇಕೆಂದರೆ ಅಡಿಕೆ ಮರವನ್ನು ಸೀಳಿದ ದಬ್ಬೆಯನ್ನು ಏಕೆ ಬಳಸಬಾರದು ಎಂಬುದು ನಾನು ಕೇಳುವವರಿಗೆಲ್ಲ ಹೇಳುವ ಮಾತು. ತೋಟದಲ್ಲಿ ಮುಪ್ಪಾಗಿ ಬಿದ್ದ ಮರದ ಹೊರಗಿನ ಗಟ್ಟಿ ಭಾಗವನ್ನು ಸೀಳಿ, ಒಳಗಿನ ಮೆದುವಾದ ತಿರುಳನ್ನು ಪೂರ್ತಿ ಕೆತ್ತಿ ತೆಗೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿ ಎಣ್ಣೆ ಹಚ್ಚಿದರೆ ಕಪ್ಪುಕಂದಿನ ಮೈಮೇಲೆ ತಿಳಿಬಣ್ಣದ ನಾರಿನ ಗೆರೆಗಳು ಎದ್ದು ಬರುತ್ತವೆ. ಇದನ್ನು ನಾವು ಚಪ್ಪರಕ್ಕೂ ಬೇಲಿಗೂ ಬಳಸಿ ಬಿಟ್ಟಿದ್ದೇವೆ. ಒಣಗಿಸದೆ ಹೊಡೆದರೆ ಹುಳು ಹಿಡಿಯುತ್ತದೆ, ತಿರುಳು ಉಳಿದರೆ ಕೊಳೆಯುತ್ತದೆ. ಈ ಎರಡು ಎಚ್ಚರ ಸಾಕು.

ಹಳೆಯ ಮನೆಗಳ ಕಂಬ ಬಾಗಿಲುಗಳ ಬಗ್ಗೆ ಒಂದು ಮಾತು. ಹಳತನ್ನೂ ಹೊಸತನ್ನೂ ಬೆರೆಸುವುದು ಶೋಹೌಸುಗಳ ಮತ್ತೊಂದು ಪ್ರಬಲ ಒಲವಾದ್ದರಿಂದ ಮಲೆನಾಡಿನ ಕೆತ್ತನೆಯ ಕಂಬಗಳಿಗೆ ನಗರಗಳಲ್ಲಿ ಬೆಲೆ ಬಂದಿದೆ. ಬಿದ್ದುಹೋದ ಮನೆಯ ಕಂಬ ಮತ್ತೊಂದು ಮನೆಯಲ್ಲಿ ನಿಂತರೆ ಸಂತೋಷವೇ. ಆದರೆ ನಿಂತ ಮನೆಯನ್ನೇ ಕಂಬದ ಬೆಲೆಗೆ ಕಳಚುವುದನ್ನು ಕಂಡಾಗ ನೋವಾಗುತ್ತದೆ. ಕೊಳ್ಳುವವರು ಅದು ಯಾವ ಊರಿನ ಯಾವ ಮನೆಯದು, ಏಕೆ ಕಳಚಿದರು ಎಂದು ಕೇಳಿ, ಮಾರಾಟದ ಕಾಗದ ಪಡೆಯಲಿ. ಹೊಸ ಕೆತ್ತನೆಯೇ ಬೇಕಾದವರಿಗೆ ಸಾಗರ, ಸೊರಬದ ಗುಡಿಗಾರರ ಕೈಯಿದೆ. ಬಾಗಿಲಿನ ಒಂದು ತೊಲೆಪಟ್ಟಿಯನ್ನಾದರೂ ಅವರಿಂದ ಮಾಡಿಸಿದರೆ ಕಸುಬು ಉಳಿಯುತ್ತದೆ.

ನೆಲ ಮತ್ತು ಬಟ್ಟೆ

ಕೆಂಪು ಆಕ್ಸೈಡ್ ನೆಲ ವಿನ್ಯಾಸಕರ ಮನೆಗಳಲ್ಲಿ ಗೌರವದಿಂದ ಹಿಂದಿರುಗಿದೆ. ಕಬ್ಬಿಣದ ಆಕ್ಸೈಡಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ, ಬರಿಗಾಲಿಗೆ ತಂಪು, ವರ್ಷಗಳು ಕಳೆದಷ್ಟೂ ಹೊಳಪು ಏರುತ್ತದೆ. ಅದು ಕೆಡುವುದು ಅವಸರದಲ್ಲಿ. ಸಿಮೆಂಟನ್ನೂ ಆಕ್ಸೈಡನ್ನೂ ಇಡೀ ಕೋಣೆಗೆ ಆಗುವಷ್ಟು ಒಮ್ಮೆಗೇ ಒಣದಾಗಿ ಬೆರೆಸಿ ಜರಡಿ ಹಿಡಿಯದಿದ್ದರೆ ಬಣ್ಣ ಮೋಡಮೋಡವಾಗುತ್ತದೆ. ಕೆಳಗಿನ ಗಾರೆ ಇನ್ನೂ ಹಸಿಯಿರುವಾಗಲೇ ಮೇಲಿನ ಪದರ ಎಳೆಯದಿದ್ದರೆ ಎದ್ದು ಬರುತ್ತದೆ. ಕರಣೆಯಿಂದ ತೀಡಿ ನಯ ಮಾಡಿದ ಮೇಲೆ ಕನಿಷ್ಠ ಒಂದು ವಾರ ನೀರು ನಿಲ್ಲಿಸದಿದ್ದರೆ ಬಿರಿಯುತ್ತದೆ. ದೊಡ್ಡ ಹಜಾರವಾದರೆ ನಡುವೆ ಗೆರೆ ಹಾಕಿ ಭಾಗ ಮಾಡಬೇಕು. ಹುಳಿ ಬಿದ್ದರೆ ಕಲೆ ನಿಲ್ಲುವುದರಿಂದ ಅಡುಗೆಮನೆಗಿಂತ ಜಗಲಿಗೂ ನಡುಮನೆಗೂ ಇದು ಹೆಚ್ಚು ಒಪ್ಪುತ್ತದೆ. ಈ ಕೆಲಸ ಬಲ್ಲ ಗಾರೆಯವರು ಕಡಿಮೆಯಾಗಿದ್ದಾರೆ. ಸಿಕ್ಕವರ ಹಳೆಯ ನೆಲವೊಂದನ್ನು ನೋಡಿಯೇ ಒಪ್ಪಿಸುವುದು ಲೇಸು.

ಉಬ್ಬು ನೂಲಿನ ದಪ್ಪ ಬಟ್ಟೆ ಹೊದಿಸಿದ ದುಂಡಗಿನ ಸೋಫಾಗಳು ಈಗಿನ ಶೋಹೌಸುಗಳಲ್ಲಿ ತಪ್ಪದೆ ಇರುತ್ತವೆ. ದುಂಡಗಿನ ಆಕಾರ ಚೆನ್ನ, ಬಟ್ಟೆ ನಮ್ಮ ಹವೆಗೆ ಹೊಂದದು. ಕಳಚಿ ಒಗೆಯಬಲ್ಲ ಹತ್ತಿಯ ಗವಸು, ಬೆತ್ತ ಹೆಣೆದ ಒರಗು, ಬಿಸಿಲು ಬಂದ ದಿನ ಎತ್ತಿ ಹೊರಗಿಡಬಹುದಾದ ಹಗುರ ಕುರ್ಚಿ ಇಲ್ಲಿಗೆ ಸರಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯ ‘ಚರಕ’ ಸಹಕಾರ ಸಂಘದ ಮಹಿಳೆಯರು ಅಡಿಕೆಯ ಚೊಗರು ಮೊದಲಾದ ಸಹಜ ಬಣ್ಣಗಳಲ್ಲಿ ನೂಲು ಅದ್ದಿ ನೇಯುವ ಕೈಮಗ್ಗದ ಬಟ್ಟೆಯ ಕಂದುಗೆಂಪು, ಸುಣ್ಣದ ಗೋಡೆಗೂ ಆಕ್ಸೈಡ್ ನೆಲಕ್ಕೂ ಬೇರೆಲ್ಲಿಂದ ತಂದದ್ದಕ್ಕಿಂತ ಚೆನ್ನಾಗಿ ಕೂಡುತ್ತದೆ.

ಗೋಡೆಗೆ ಚಿತ್ತಾರ ಬರೆಸುವ ಆಸೆಯೂ ಹಬ್ಬುತ್ತಿದೆ. ಹಸೆ ಚಿತ್ತಾರ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆಯ ಹಸೆಗೋಡೆಯ ಮೇಲೆ ಕೆಮ್ಮಣ್ಣು ಸಾರಿಸಿ, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಪುಂಡಿನಾರಿನ ಕುಂಚದಿಂದ ಎಳೆಯುವ ಆ ನೇರ ಗೆರೆಗಳಿಗೆ ಅವುಗಳದೇ ಅರ್ಥವಿದೆ, ಕ್ರಮವಿದೆ. ಅಂಟಿಸುವ ಪ್ಲಾಸ್ಟಿಕ್ ಹಾಳೆಯಲ್ಲಿ ಅದರ ನಕಲು ತರುವ ಬದಲು ಬರೆಯುವವರನ್ನೇ ಕರೆಸಿ, ಅವರು ಕೇಳಿದ ಸಂಭಾವನೆ ಕೊಟ್ಟು, ಯಾವ ಗೋಡೆ ಸರಿಯೆಂದು ಅವರನ್ನೇ ಕೇಳಬೇಕು.

ನೋಟದ ದಾರಿ

ಸಾಮಗ್ರಿಗಳಿಗಿಂತ ಆಳದ ಪಾಠವೊಂದು ಶೋಹೌಸಿನಲ್ಲಿದೆ, ಅದು ಫೋಟೋದಲ್ಲಿ ಸಿಗುವುದಿಲ್ಲ. ಬಾಗಿಲಲ್ಲಿ ನಿಂತಾಗ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ನಡೆಯುತ್ತಾ ಹೋದಂತೆ ಯಾವುದು ಮರೆಯಾಗಿ ಯಾವುದು ತೆರೆದುಕೊಳ್ಳುತ್ತದೆ ಎಂಬುದನ್ನು ನುರಿತ ವಿನ್ಯಾಸಕರು ಮೊದಲೇ ಯೋಚಿಸಿರುತ್ತಾರೆ. ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ವಸ್ತುಸಂಗ್ರಹಾಲಯವಾಗಿ ಕಾಪಾಡಿರುವ ಕವಿಮನೆಗೆ ಹೋಗಿ, ಈ ಒಂದು ಪ್ರಶ್ನೆಯನ್ನಿಟ್ಟುಕೊಂಡು ನಿಧಾನವಾಗಿ ಓಡಾಡಿದರೆ ಸಾಕು. ತಗ್ಗಾದ, ನೆರಳಾದ ಜಗಲಿಯಿಂದ ಒಳಗೆ ಕಾಲಿಟ್ಟರೆ ಆಕಾಶಕ್ಕೆ ತೆರೆದ ಅಂಗಳ ಎದುರಾಗುತ್ತದೆ, ನಡುವೆ ತುಳಸಿಕಟ್ಟೆ, ಸುತ್ತ ಮರದ ಕಂಬಗಳ ಸಾಲು. ಇಕ್ಕಟ್ಟಿನಿಂದ ಬಯಲಿಗೆ ಬಂದ ಆ ಕ್ಷಣದ ಹಿಗ್ಗು ಅಳತೆಯಿಂದ ಹುಟ್ಟಿದ್ದು: ಬಾಗಿಲು ತಗ್ಗಿರುವುದರಿಂದಲೇ ಅಂಗಳ ವಿಶಾಲವಾಗಿ ಕಾಣುತ್ತದೆ. ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ ತುಂಗೆಯ ದಡಕ್ಕೆ ಹತ್ತಿರದ ಶಿವಪ್ಪ ನಾಯಕ ಅರಮನೆಯಲ್ಲೂ ಎತ್ತರದ ಮರದ ಕಂಬಗಳ ದರ್ಬಾರು ಹಜಾರ ಮತ್ತು ಅದನ್ನು ನೋಡುವ ಮಹಡಿಯ ಮೊಗಸಾಲೆಗಳು ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸುತ್ತವೆ.

ಮೂವತ್ತು ನಲವತ್ತರ ನಿವೇಶನದಲ್ಲಿ ಅಂಗಳ ಬಿಡಲು ಆಗದಿರಬಹುದು. ಆದರೂ ಹೆಬ್ಬಾಗಿಲು ತೆರೆದೊಡನೆ ಕಣ್ಣಿಗೆ ಬೀಳುವುದು ಟಿವಿಯೋ ಹಿತ್ತಲಿನ ಹಸಿರಿರುವ ಕಿಟಕಿಯೋ ಎಂಬುದು ನಕ್ಷೆಯ ಹಂತದಲ್ಲಿ ಒಂದು ಗೆರೆ ಸರಿಸಿದರೆ ತೀರ್ಮಾನವಾಗುತ್ತದೆ. ಪಡಸಾಲೆಯ ಪ್ರವೇಶದ ಮೇಲ್ಗಡೆ ಅಟ್ಟ ಕೊಟ್ಟು ಅಲ್ಲಿ ಎತ್ತರವನ್ನು ಏಳು ಅಡಿಗೆ ಇಳಿಸಿದರೆ, ಮುಂದಿನ ಹತ್ತು ಅಡಿ ಎತ್ತರದ ಕೋಣೆ ಇರುವುದಕ್ಕಿಂತ ದೊಡ್ಡದೆನಿಸುತ್ತದೆ, ಸಾಮಾನಿಗೂ ಜಾಗವಾಗುತ್ತದೆ. ಇಡೀ ಮನೆಗೆ ಜಿಪ್ಸಮ್ಮಿನ ಒಳಸೂರು ಹಾಕಿಸಿ ಆರಿಂಚು ಎತ್ತರ ಕಳೆದುಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ತಾರಸಿ ಸೋರಿದರೆ ಎಲ್ಲಿ ಸೋರಿತೆಂದು ತಿಳಿಯುವ ಹೊತ್ತಿಗೆ ಕಲೆ ಹರಡಿರುತ್ತದೆ. ಸೂರನ್ನು ಅಲಂಕರಿಸಬೇಕೆನ್ನುವ ಶೋಹೌಸಿನ ಆಸೆಗೆ ನಮ್ಮಲ್ಲಿ ಮರದ ಮುಚ್ಚಿಗೆ ಇದ್ದೇ ಇದೆ, ಅದನ್ನು ಒಂದೇ ಕೋಣೆಗೆ ಮಾಡಿಸಿದರೂ ಸಾಕು.

ಮಾದರಿ ಮನೆಯಲ್ಲಿರುವ ವಿನ್ಯಾಸಕರೊಡನೆ ಮಾತನಾಡಲು ಅವಕಾಶ ಸಿಕ್ಕರೆ ಬೆಲೆಗಿಂತ ಮೊದಲು ಕೇಳಬೇಕಾದದ್ದು ಇವು: ಈ ಹಲಗೆಯ ಒಳಗಿನ ಸಾಮಗ್ರಿ ಯಾವುದು, ಇದನ್ನು ಕಳಚಿ ಸ್ವಚ್ಛ ಮಾಡಬಹುದೇ, ಒಂದು ತುಂಡು ಕೆಟ್ಟರೆ ಅಷ್ಟನ್ನೇ ಬದಲಿಸಬಹುದೇ, ಈ ಗೋಡೆಯ ಹಿಂದೆ ಏನಿದೆ. ಒಳ್ಳೆಯ ವಿನ್ಯಾಸಕರು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾರೆ, ಕೆಲವೊಮ್ಮೆ ‘ನಿಮ್ಮ ಊರಿಗೆ ಇದು ಬೇಡ’ ಎಂದು ತಾವೇ ಹೇಳುತ್ತಾರೆ.

ಗೃಹಪ್ರವೇಶದೊಳಗೆ ಎಲ್ಲವೂ ಮುಗಿಯಲೇಬೇಕೆಂಬ ಆತುರವನ್ನು ಬಿಟ್ಟು, ವೈರಿಂಗ್, ನೆಲ, ಬಾಗಿಲು ಕಿಟಕಿಗಳನ್ನು ಮೊದಲು ಪೂರೈಸಿ, ಬೀರು ಮತ್ತು ಗೋಡೆಯ ಹಲಗೆಗಳನ್ನು ಒಂದು ಮಳೆಗಾಲ ಕಳೆದ ಮೇಲೆ ಮಾಡಿಸುವುದು ಇಲ್ಲಿನ ಮನೆಗಳಿಗೆ ಹೊಂದುವ ಕ್ರಮ. ಕೆಲವೇ ನೂರು ರೂಪಾಯಿಗೆ ಸಿಗುವ ತೇವಮಾಪಕವನ್ನು ಜುಲೈ ತಿಂಗಳಿನಲ್ಲಿ ಒಂದೊಂದು ಗೋಡೆಯ ಹತ್ತಿರ ಕೆಲವು ದಿನ ಇಟ್ಟು ನೋಡಬೇಕು. ಗೋಡೆಯ ಮೈ ಬಳಿ ತೇವಾಂಶ ಶೇಕಡಾ 80ಕ್ಕಿಂತ ಮೇಲೆ ಎಡೆಬಿಡದೆ ನಿಂತರೆ ಅಲ್ಲಿ ಬೂಷ್ಟು ಬೆಳೆಯುವುದು ಬಹುತೇಕ ಖಚಿತ. ಆ ಗೋಡೆಗೆ ಸುಣ್ಣ ಬಳಿದು ತೆರೆದಿಡಿ. ಬೀರು, ಮಂಚದ ತಲೆಹಲಗೆ, ಪುಸ್ತಕದ ಕಪಾಟುಗಳನ್ನು ಮನೆಯ ಒಳಗೋಡೆಗಳ ಕಡೆಗೆ ಸರಿಸಿ.